ಅಮ್ಮೆಂಬಳ ಸುಬ್ಬರಾವ್ ಪೈ

ಶಾಹುಪುರಿಯ ಬೆಲ್ಲದ ಅಡತಿ ವ್ಯಾಪಾರಿ, ಇಚಲಕರಂಜಿಯಲ್ಲಿ ನಾಲ್ಕು ಮಗ್ಗಗಳನ್ನಿಟ್ಟುಕೊಂಡವರು, ಗಡಹಿಂಗ್ಲಜದ ಮೆಣಸಿನಕಾಯಿ ಪೇಟೆಯ ಅಂಗಡಿಕಾರರು, ಇವರಾರೂ ಕುಬೇರರಲ್ಲ, ದರಿದ್ರರೂ ಅಲ್ಲ. ವರ್ಷಾಂತ್ಯಕ್ಕೆ ಉಳಿದ ಅಲ್ಪಸ್ವಲ್ಪ ಹಣವನ್ನು ಎಲ್ಲಿಡಬೇಕೆಂಬ ಚಿಂತೆ ಇಂಥವರದೇ. ಈ ಚಿಂತೆಯನ್ನು ಬಹು ಹಿಂದೆಯೇ ಮನಗಂಡ ಮಂಗಳೂರಿನ ವಕೀಲರೊಬ್ಬರ ಚರಿತ್ರೆಯನ್ನು ವಾಚಕರ ಮುಂದಿಡುತ್ತಿದ್ದೇವೆ.

ಸುಬ್ಬರಾವ್ ಪೈಗಳು 1852ರ ನವೆಂಬರ್ 19ರಂದು ಮೂಲ್ಕಿಯಲ್ಲಿ ಜನಿಸಿದರು. ತಂದೆ ಉಪೇಂದ್ರ ಪೈಗಳೂ ವಕೀಲರೇ. ಮಗನು ಮದರಾಸಿನಲ್ಲಿ ವ್ಯಾಸಂಗ ಮಾಡಿ, ಕಾನೂನಿನ ಪದವಿ ಪಡೆದು, ಮಂಗಳೂರಿನಲ್ಲಿ ವಕೀಲಿ ಆರಂಭಿಸಿದನು. ರಾಜಿಯಿಂದ ಮುಗಿಯಬಹುದಾದ ವ್ಯಾಜ್ಯವನ್ನು ಕೋರ್ಟಿನ ಹೊರಗೇ ಮುಗಿಸುವುದು ಪೈಗಳ ಪದ್ಧತಿ. ವಕೀಲನಾದವನಿಗೆ ಇದು ನಷ್ಟದ ವ್ರತವೇ ಸರಿ. 1891ರಲ್ಲಿ ಕೆನರಾ ಹೈಸ್ಕೂಲನ್ನೂ 1894ರಲ್ಲಿ ಹೆಣ್ಣುಮಕ್ಕಳ ಶಾಲೆಯನ್ನೂ ಸ್ಥಾಪಿಸಿದರು.

ಆಗ ಮಂಗಳೂರಿನಲ್ಲಿ ಮದರಾಸು ಬ್ಯಾಂಕಿನ ಶಾಖೆಯಿತ್ತಾದರೂ ಅದರ ವ್ಯವಹಾರವೆಲ್ಲ ಹೆಚ್ಚಾಗಿ ಐರೋಪ್ಯ ಕೋಠಿಗಳೊಡನೆ. ಉಪಾಧ್ಯಾಯ, ಗುಮಾಸ್ತ, ಸಣ್ಣ ಜಮೀನುದಾರ, ಅಂಗಡಿಯವ, ಇವರು ಉಳಿಸಿದ್ದನ್ನು ಒಡವೆಯಾಗಿ ಮಾಡಿಸಿಡುವರು. ಕಷ್ಟ ಬಂದಾಗ ಅದೇ ಒಡವೆಯನ್ನು ಸಾವಕಾರನಲ್ಲಿ ಗಿರವಿಯಿಟ್ಟು ದುಬಾರಿ ಬಡ್ಡಿ ತೆರುವರು. ಒಬ್ಬನ ಉಳಿತಾಯವೇ ಮತ್ತೊಬ್ಬನಿಗೆ ಮಿತ ಬಡ್ಡಿಯ ಸಾಲವಾಗಬಾರದೇಕೆ? ಮದರಾಸಿನ ನಿಧಿಗಳು ನಡೆಯುತ್ತಿದ್ದುದು ಈ ಕ್ರಮದಿಂದಲೇ. ಪೈಗಳು ಮನೆಮನೆಗೆ ತೆರಳಿ ಪಾಲುದಾರರನ್ನು ಕೂಡಿಸಿ, 1906ರ ಜುಲೈ 1ರಂದು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ತೆರೆದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರೂ ಬ್ಯಾಂಕೊಂದನ್ನು ಆರಂಭಿಸಿದ್ದರು.

ನಾಲ್ಕು ತಿಂಗಳೂ ಕಳೆದಿರಲಿಲ್ಲ; ಅಕ್ಟೋಬರಿನಲ್ಲಿ ಮದರಾಸಿನ ಅರ್ಬತ್‌ನಾಟ್ ಕಂಪನಿ ದಿವಾಳಿಯೆದ್ದಿತು. ಬಿಳಿಯರ ಕೋಠಿಯೆಂದು ನಂಬಿ ಹಣವಿಟ್ಟಿದ್ದ ಸಾವಿರಾರು ಮಧ್ಯಮಸ್ಥಿತಿಯವರು ಕಂಗೆಟ್ಟರು. ಇಂಥ ಹೊತ್ತಿನಲ್ಲಿ ಹೊಸ ಫಂಡಿಗೆ ಹಣ ಕೊಡುವ ಧೈರ್ಯ ಯಾರಿಗೆ ಬಂದೀತು? ವಕೀಲಿಯಲ್ಲಿ ಕಳೆದುಕೊಂಡ ಫೀಜು ಇಲ್ಲಿ ವಿಶ್ವಾಸವಾಗಿ ಮರಳಿತೆಂದು ನಾವು ಭಾವಿಸುತ್ತೇವೆ.

ಒಂದು ಮಾತನ್ನು ಮುಚ್ಚಿಡಲಾಗದು. ಫಂಡಿನ ಹೆಸರಿನಲ್ಲೇ ಒಂದು ಎಲ್ಲೆಯಿತ್ತು. ಪಾಲು ಕೊಳ್ಳುವ ಶಕ್ತಿಯಿಲ್ಲದ ಬಡವನಿಗೂ ಅದು ದೂರವೇ. ದಿನಕ್ಕೆರಡಾಣೆಯನ್ನು ಮನೆಬಾಗಿಲಲ್ಲೇ ಪಡೆಯುವ ಪಿಗ್ಮಿ ಠೇವಣಿ ಬಂದುದು 1928ರಲ್ಲಿ, ಉಡುಪಿಯ ಬೇರೊಂದು ಸಂಸ್ಥೆಯಿಂದ.

ಪೈಗಳು 1909ರಲ್ಲಿ ತೀರಿಕೊಂಡರು. ಮರುವರ್ಷ ಫಂಡು ಕೆನರಾ ಬ್ಯಾಂಕ್ ಎಂಬ ಹೆಸರು ತಳೆಯಿತು, 1969ರಲ್ಲಿ ರಾಷ್ಟ್ರೀಕರಣಗೊಂಡಿತು. ಪಿಗ್ಮಿಯನ್ನು ತಂದ ಆ ಉಡುಪಿಯ ಸಂಸ್ಥೆಯು, ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡು ಬೆಳೆದು, 2020ರ ಏಪ್ರಿಲ್ 1ರಂದು ಪೈಗಳ ಬ್ಯಾಂಕಿನಲ್ಲೇ ವಿಲೀನವಾಯಿತು.