ಪದ್ಮಿನಿ ಕಾರಿನ ಹಿಂದಿದ್ದ ಸಾಹಸಿ ಸೇಠ್ ವಾಲ್‌ಚಂದ್ ಹೀರಾಚಂದ್

ಒಂದು ಕಾಲದಲ್ಲಿ ಮಧ್ಯಮ ವರ್ಗದವರ ಮನೆ ಮುಂದೆ ಕಾರು ನಿಂತಿದ್ದರೆ ಅದು ಅಂಬಾಸಿಡರ್, ಇಲ್ಲವೇ ಪ್ರೀಮಿಯರ್ ಪದ್ಮಿನಿ. ಪದ್ಮಿನಿಯನ್ನು ತಯಾರಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು ಕಟ್ಟಿದವರು ಸೊಲ್ಲಾಪುರದ ದಿಗಂಬರ ಜೈನ ಮನೆತನದ ಸೇಠ್ ವಾಲ್‌ಚಂದ್ ಹೀರಾಚಂದ್ ದೋಶಿ. ಆ ಕಾರ್ಖಾನೆ ಮೊದಲು ಬೆಂಗಳೂರಿನಲ್ಲೇ ಆಗಬೇಕಿತ್ತು ಎಂಬ ಸಂಗತಿ ಇಂದು ಹೆಚ್ಚಿನವರಿಗೆ ಗೊತ್ತಿಲ್ಲ.

ವಾಲ್‌ಚಂದರು ಜನಿಸಿದ್ದು 1882ರ ನವೆಂಬರ್ 23ರಂದು. ಅವರ ಪೂರ್ವಜರು ಗುಜರಾತಿನ ವಾಂಕಾನೇರ್ ಕಡೆಯವರು. ಮನೆಯಲ್ಲಿ ಹತ್ತಿ ವ್ಯಾಪಾರ ಮತ್ತು ಲೇವಾದೇವಿ ಇತ್ತು. ವಾಲ್‌ಚಂದರ ಮನಸ್ಸು ಅದರಲ್ಲಿ ನಿಲ್ಲಲಿಲ್ಲ. ಕಾಲೇಜು ಓದನ್ನೂ ಪೂರ್ತಿ ಮಾಡದೆ, ಫಾಟಕ್ ಎಂಬ ಪಾಲುದಾರರ ಜೊತೆ ರೈಲ್ವೆ ಗುತ್ತಿಗೆ ಕೆಲಸಕ್ಕೆ ಇಳಿದರು. 1919ರಲ್ಲಿ ಗೆಳೆಯರೊಡನೆ ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ ಸ್ಥಾಪಿಸಿ, ಬ್ರಿಟಿಷ್ ಹಡಗು ಕಂಪನಿಗಳಿಗೆ ಎದುರಾಗಿ ನಿಂತರು. ಅವರ ಲಾಯಲ್ಟಿ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟ ಏಪ್ರಿಲ್ 5 ಈಗ ರಾಷ್ಟ್ರೀಯ ಕಡಲಯಾನ ದಿನವಾಗಿದೆ.

ಮೋಟಾರು ಕಾರ್ಖಾನೆಯ ಕನಸು ಸರ್ ಎಂ. ವಿಶ್ವೇಶ್ವರಯ್ಯನವರದೂ ಆಗಿತ್ತು. ಎರಡನೇ ಮಹಾಯುದ್ಧ ಆರಂಭವಾದ ಹೊತ್ತಿಗೆ ವಾಲ್‌ಚಂದರು ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡರು. ಮೈಸೂರು ಸರ್ಕಾರವೂ ಕೈಜೋಡಿಸಲು ಸಿದ್ಧವಿತ್ತು. ಆದರೆ ಬ್ರಿಟಿಷ್ ಸರ್ಕಾರ ಇದಕ್ಕೆ ಅನುಕೂಲವಾಗಿರಲಿಲ್ಲ. ಅದರ ಒತ್ತಡದಿಂದ ಮೈಸೂರು ಹಿಂದೆ ಸರಿಯಬೇಕಾಯಿತು.

ಕಾರಿಗೆ ಅಡ್ಡಿ ಬಂದರೂ ಬೆಂಗಳೂರಿನೊಡನೆ ಅವರ ನಂಟು ಕಡಿಯಲಿಲ್ಲ. 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಆರಂಭಿಸಿದರು. ಇಂದಿನ ಎಚ್‌ಎಎಲ್‌ನ ಮೂಲ ಅದೇ. 1942ರಲ್ಲಿ ಯುದ್ಧದ ಕಾರಣಕ್ಕೆ ಭಾರತ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡುಕೊಂಡಿತು. ಹೀಗೆ ತಾವೇ ಹುಟ್ಟುಹಾಕಿದ ಕಾರ್ಖಾನೆ ಎರಡೇ ವರ್ಷದಲ್ಲಿ ಅವರ ಕೈಬಿಟ್ಟುಹೋಯಿತು. ವಿಶಾಖಪಟ್ಟಣದಲ್ಲಿ ಅವರು ಕಟ್ಟಿದ ಹಡಗು ನಿರ್ಮಾಣ ಕೇಂದ್ರವೂ ಮುಂದೆ ಸರ್ಕಾರದ ವಶವಾಯಿತು.

ಕಾರಿನ ಹಂಬಲವನ್ನು ಮಾತ್ರ ಅವರು ಬಿಡಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿ, ಮುಂಬಯಿಯ ಕುರ್ಲಾದಲ್ಲಿ ಕಾರ್ಖಾನೆ ಹಾಕಿದರು. 1947ರಲ್ಲಿ ಅಲ್ಲಿಂದ ಕ್ರೈಸ್ಲರ್ ಮಾದರಿಯ ವಾಹನಗಳು ಹೊರಬಂದವು. ನಂತರ ಇಟಲಿಯ ಫಿಯಟ್ ಕಂಪನಿಯ ಸಹಯೋಗ ದೊರೆಯಿತು. ಅಷ್ಟರಲ್ಲಿ 1949ರಲ್ಲಿ ವಾಲ್‌ಚಂದರಿಗೆ ಪಾರ್ಶ್ವವಾಯು ಬಡಿದಿತ್ತು. ಮರುವರ್ಷ ಅವರು ವ್ಯವಹಾರದಿಂದ ದೂರ ಸರಿದರು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ಕೊನೆಯುಸಿರೆಳೆದರು.

ಅವರು ಹೋದ ಮೇಲೂ ಕುರ್ಲಾದಲ್ಲಿ ಕೆಲಸ ನಿಲ್ಲಲಿಲ್ಲ. ಫಿಯಟ್ 1100 ಮಾದರಿ 1964ರಲ್ಲಿ ಡಿಲೈಟ್ ಆಗಿ ಬಂದಿತು. ಮುಂದೆ ಅದೇ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು. 1974ರಲ್ಲಿ ಚಿತ್ತೋರಿನ ರಾಣಿಯ ನೆನಪಿಗೆ ಪದ್ಮಿನಿ ಎಂದು ಹೆಸರಾಯಿತು. ಸ್ಟೀರಿಂಗ್ ಪಕ್ಕದ ಗೇರ್, ರಿಪೇರಿಗೆ ಸುಲಭವಾದ ಇಂಜಿನ್, ಇಡೀ ಸಂಸಾರ ಕೂರುವಷ್ಟು ಜಾಗ ಇವುಗಳಿಂದ ಜನರ ಮೆಚ್ಚುಗೆ ಗಳಿಸಿತು. 2000ದ ಸುಮಾರಿಗೆ ತಯಾರಿಕೆ ನಿಂತರೂ, ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಯಾಗಿ 2023ರ ಅಕ್ಟೋಬರ್ ತನಕ ಓಡಿತು.

ಪದ್ಮಿನಿ ಎಂಬ ಹೆಸರಿನ ಕಾರನ್ನು ವಾಲ್‌ಚಂದರು ಕಾಣಲೇ ಇಲ್ಲ. ಆದರೆ ಒಂದು ಊರಿನಲ್ಲಿ ಬಾಗಿಲು ಮುಚ್ಚಿದಾಗ ಅವರು ಕೈಕಟ್ಟಿ ಕೂತಿದ್ದರೆ ಆ ಕಾರು ರಸ್ತೆಗೆ ಬರುತ್ತಿರಲಿಲ್ಲ. ವ್ಯಾಪಾರಕ್ಕೆ ಕಾಲಿಡುವ ನಮ್ಮ ಮಕ್ಕಳಿಗೆ ಹೇಳಬೇಕಾದ ಜೀವನ ಇದು.