ರಾಯ್ಸ್ ಕೊಂಡ ಸೆಕೆಂಡ್ ಹ್ಯಾಂಡ್ ಕಾರು

ರೋಲ್ಸ್-ರಾಯ್ಸ್ ಅಂದ ಕೂಡಲೇ ನಮಗೆ ಮಹಾರಾಜರು ನೆನಪಾಗ್ತಾರೆ. ಆದರೆ ಆ ಹೆಸರಿನ ಎರಡನೇ ಅರ್ಧ ಒಬ್ಬ ಬಡ ಹಿಟ್ಟಿನ ಗಿರಣಿಯವನ ಮಗ. ಡಿಗ್ರಿ ಹಾಗಿರಲಿ, ಅಪ್ರೆಂಟಿಸ್‌ಶಿಪ್ ಕೂಡ ಪೂರ್ತಿ ಮಾಡಿದವನಲ್ಲ.

ಹೆನ್ರಿ ರಾಯ್ಸ್ ಹುಟ್ಟಿದ್ದು 1863ರಲ್ಲಿ, ಇಂಗ್ಲೆಂಡಿನ ಆಲ್ವಾಲ್ಟನ್‌ನಲ್ಲಿ. ಒಂಬತ್ತನೇ ವಯಸ್ಸಿಗೆ ಅಪ್ಪ ತೀರಿಕೊಂಡ. ಹುಡುಗ ಪೇಪರ್ ಮಾರಿದ, ಟೆಲಿಗ್ರಾಂ ಹಂಚಿದ. ಪೀಟರ್‌ಬರೋ ರೈಲ್ವೆ ವರ್ಕ್‌ಶಾಪಿನಲ್ಲಿ ಕಲಿಯೋಕೆ ಬಂಧುವೊಬ್ಬರು ದುಡ್ಡು ಕಟ್ಟಿದರು, ಮೂರು ವರ್ಷಕ್ಕೆ ಅದೂ ನಿಂತುಹೋಯ್ತು. 1884ರಲ್ಲಿ ಗೆಳೆಯ ಕ್ಲೇರ್‌ಮಾಂಟ್ ಜೊತೆ ಮ್ಯಾಂಚೆಸ್ಟರಿನ ಕೂಕ್ ಸ್ಟ್ರೀಟಿನಲ್ಲಿ ಸಣ್ಣ ಕಂಪನಿ ತೆರೆದ. ಮೊದಲು ಎಲೆಕ್ಟ್ರಿಕ್ ಬೆಲ್, ಆಮೇಲೆ ಡೈನಮೊ, ಕ್ರೇನ್.

ನಲವತ್ತರ ಆಸುಪಾಸಿನಲ್ಲಿ ಅವನು ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡ. ಫ್ರಾನ್ಸಿನ ಡೆಕೊವಿಲ್, ಎರಡು ಸಿಲಿಂಡರಿನದು. ಬಂದ ದಿನವೇ ಸ್ಟಾರ್ಟ್ ಆಗದೆ ತಳ್ಳಿಕೊಂಡು ವರ್ಕ್‌ಶಾಪಿಗೆ ತಂದರು ಅಂತ ಕಥೆ ಇದೆ. ಸದ್ದು ಬೇರೆ, ಬಿಸಿ ಬೇರೆ. ನಾವಾದರೆ ರೇಡಿಯೇಟರಿಗೆ ಒಂದು ಬಾಟಲಿ ನೀರು ಸುರಿದು ಮುಂದೆ ಹೋಗ್ತೀವಿ (ನಮ್ಮ ಹಾಸ್ಟೆಲ್ ಹಿಂದೆ ನಿಂತಿರೋ ಕಾರಿಗೆ ನಾಲ್ಕು ವರ್ಷದಿಂದ ನಡೀತಿರೋ ಚಿಕಿತ್ಸೆ ಅದೇ). ರಾಯ್ಸ್ ಇಡೀ ಕಾರು ಬಿಚ್ಚಿ ಹರಡಿದ. ಇಗ್ನಿಷನ್ ಎಲ್ಲಿ ಕೈಕೊಡುತ್ತೆ, ಕಾರ್ಬ್ಯುರೇಟರ್ ಯಾಕೆ ಸರಿಯಾಗಿ ಉಣಿಸಲ್ಲ, ಸೈಲೆನ್ಸರ್ ಎಷ್ಟು ದೊಡ್ಡದಿರಬೇಕು ಅಂತ ಒಂದೊಂದೇ ನೋಡುತ್ತಾ ಹೋದ. ಹೊಸದೇನನ್ನೋ ಕಂಡುಹಿಡಿಯುವ ಹಠ ಅವನಿಗಿರಲಿಲ್ಲ. ಇರೋದರಲ್ಲಿ ಸೋಲುವ ಭಾಗ ಯಾವುದು, ಅಷ್ಟೇ ಪ್ರಶ್ನೆ. ಅದೇ ಗುಂಗಿನಲ್ಲಿ ತನ್ನದೇ ಕಾರು ಕಟ್ಟಿದ. 1904ರ ಏಪ್ರಿಲ್ 1ರಂದು ಅದು ರಸ್ತೆಗಿಳಿಯಿತು. ಮುಂದಿನ ತಿಂಗಳೇ ಚಾರ್ಲ್ಸ್ ರೋಲ್ಸ್ ಭೇಟಿ.

ಅಸಲಿ ಪರೀಕ್ಷೆ ನಡೆದದ್ದು 1907ರಲ್ಲಿ. ಸಿಲ್ವರ್ ಘೋಸ್ಟ್ ಅನ್ನೋ ಕಾರನ್ನು ಲಂಡನ್-ಗ್ಲಾಸ್ಗೋ ನಡುವೆ ಒಟ್ಟು 15,000 ಮೈಲಿ ಓಡಿಸಿದರು, ಆಟೊಮೊಬೈಲ್ ಕ್ಲಬ್ಬಿನ ಕಣ್ಗಾವಲಿನಲ್ಲಿ. 629ನೇ ಮೈಲಿಗೆ ಪೆಟ್ರೋಲ್ ನಲ್ಲಿ ಕುಲುಕಾಟಕ್ಕೆ ತಾನೇ ಮುಚ್ಚಿಕೊಂಡು ಕಾರು ನಿಂತಿತು. ಎಂಥಾ ಸಿಲ್ಲಿ ಕಾರಣ! ಅಲ್ಲಿಂದ 14,371 ಮೈಲಿ ಕೆಟ್ಟು ನಿಲ್ಲಲೇ ಇಲ್ಲ. ನನಗೆ ಹೆಚ್ಚು ಇಷ್ಟವಾಗೋದು ಆಮೇಲಿನ ಭಾಗ. ಇಡೀ ಕಾರನ್ನು ಮತ್ತೆ ಬಿಚ್ಚಿ ಸವೆತ ಅಳೆದರು. ಸ್ಟೀರಿಂಗಿನ ಒಂದೆರಡು ಪಿನ್ನು, ಫ್ಯಾನ್ ಬೆಲ್ಟು, ವಾಲ್ವ್ ಗ್ರೈಂಡಿಂಗ್ ಇಂಥವೆಲ್ಲ ಸೇರಿ ಹೊಸದರಂತೆ ಮಾಡೋಕೆ ಬಂದ ಬಿಲ್ಲು 2 ಪೌಂಡ್, 2 ಶಿಲ್ಲಿಂಗ್, 7 ಪೆನ್ಸ್.

ಕಾರನ್ನು ಇಷ್ಟು ಜತನ ಮಾಡಿದವನು ತನ್ನ ಮೈಗೆ ಮಾತ್ರ ಸರ್ವೀಸ್ ಮಾಡಿಸಲಿಲ್ಲ. ಊಟ ಮರೆತು ದುಡಿದು ಕಾಯಿಲೆ ಬಿದ್ದ. ಕೊನೆಯ ಇಪ್ಪತ್ತು ವರ್ಷ ಫ್ಯಾಕ್ಟರಿಯಿಂದ ದೂರ, ಸಮುದ್ರದ ಪಕ್ಕದ ಮನೆಗಳಲ್ಲಿ ಕೂತು ಡ್ರಾಯಿಂಗ್ ತಿದ್ದುತ್ತಿದ್ದ. 1933ರಲ್ಲಿ ತೀರಿಕೊಂಡ.

ಆ ಘೋಸ್ಟನ್ನು ಪರೀಕ್ಷೆಯ ಮರುವರ್ಷ ಒಬ್ಬ ಗಿರಾಕಿಗೆ ಮಾರಿದ್ದರು. ಅದು ಮತ್ತೆ ಕಂಪನಿಗೆ ಬಂದದ್ದು 1948ರಲ್ಲಿ.