ರಕ್ತಕ್ಕೆ ಗುಂಪಿದೆ, ಜಾತಿಯಿಲ್ಲ: ಡಾ. ಚಾರ್ಲ್ಸ್ ಡ್ರೂ ಬದುಕು ಕೊಪ್ಪಳಕ್ಕೆ ಹೇಳುವುದೇನು?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಇಂಥ ಸಂದೇಶ ನೀವೂ ನೋಡಿರ್ತೀರಿ: ಹೆರಿಗೆಗೆ ಬಂದ ಹೆಣ್ಣುಮಗಳಿಗೆ ತುರ್ತಾಗಿ ಓ ನೆಗೆಟಿವ್ ರಕ್ತ ಬೇಕು, ಯಾರಾದರೂ ಇದ್ದರೆ ಫೋನ್ ಮಾಡಿ. ಆ ಹೊತ್ತಿನಲ್ಲಿ ಕೊಡೋರು ಯಾವ ಜಾತಿ, ಯಾವ ಓಣಿ ಅಂತ ಯಾರೂ ಕೇಳಲ್ಲ. ಆದರೆ ಇದೇ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ, 2021ರ ಸೆಪ್ಟೆಂಬರ್‌ನಲ್ಲಿ, ದಲಿತ ಕುಟುಂಬದ ಎರಡು ವರ್ಷದ ಮಗು ಗುಡಿಯೊಳಗೆ ಓಡಿಹೋಯ್ತು ಅನ್ನೋ ಕಾರಣಕ್ಕೆ ಶುದ್ಧೀಕರಣದ ಖರ್ಚು ಅಂತ 25,000 ರೂಪಾಯಿ ಕೇಳಲಾಗಿತ್ತು. ಜೀವ ಹೋಗುವಾಗ ಮರೆತುಹೋಗುವ ಮೈಲಿಗೆ, ಗಂಡಾಂತರ ಕಳೆದ ಮೇಲೆ ಮತ್ತೆ ನೆನಪಾಗುತ್ತೆ.

ಅಮೆರಿಕದಲ್ಲಿ ಜೀವ ಹೋಗುವಾಗಲೂ ಅದನ್ನು ಮರೆಯದ ಕಾಲವೊಂದಿತ್ತು. ಅದನ್ನು ಎದುರಿಸಿದ ವೈದ್ಯ ಚಾರ್ಲ್ಸ್ ರಿಚರ್ಡ್ ಡ್ರೂ.

ಡ್ರೂ ಹುಟ್ಟಿದ್ದು 1904ರ ಜೂನ್ 3ರಂದು, ವಾಷಿಂಗ್ಟನ್‌ನ ಕಪ್ಪು ಕುಟುಂಬವೊಂದರಲ್ಲಿ. ಅಪ್ಪ ಮನೆಗಳಿಗೆ ಕಾರ್ಪೆಟ್ ಹಾಸುವ ಕೆಲಸಗಾರ. ಆಮ್ಹರ್ಸ್ಟ್ ಕಾಲೇಜಿನಲ್ಲಿ ಓದಿಗಿಂತ ಓಟ, ಫುಟ್‌ಬಾಲ್‌ನಿಂದಲೇ ಹೆಸರಾದ ಹುಡುಗ. ಡಾಕ್ಟರ್ ಆಗಬೇಕು ಅಂದಾಗ ಅಮೆರಿಕದ ಹೆಚ್ಚಿನ ವೈದ್ಯಕೀಯ ಕಾಲೇಜುಗಳ ಬಾಗಿಲು ಕಪ್ಪು ಜನರಿಗೆ ತೆರೆದಿರಲಿಲ್ಲ. ಎರಡು ವರ್ಷ ಕೋಚ್ ಆಗಿ ದುಡಿದು ಹಣ ಕೂಡಿಸಿ, ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯ ಸೇರಿ 1933ರಲ್ಲಿ ವೈದ್ಯರಾದರು.

ರಕ್ತದ ಗುಂಪುಗಳನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲೇ ವಿವರಿಸಿದ್ದರು. ಲೆಕ್ಕ ಸರಳ. ಎ ಗುಂಪಿನವರ ಪ್ಲಾಸ್ಮಾದಲ್ಲಿ ಬಿ ಕಣಗಳ ವಿರುದ್ಧ ಪ್ರತಿಕಾಯ ಇರುತ್ತೆ, ಬಿ ಗುಂಪಿನವರಲ್ಲಿ ಎ ವಿರುದ್ಧ, ಓ ಗುಂಪಿನವರಲ್ಲಿ ಎರಡರ ವಿರುದ್ಧವೂ. ಎಬಿಯವರಲ್ಲಿ ಎರಡೂ ಇರಲ್ಲ. ತಪ್ಪು ರಕ್ತ ಹಾಕಿದರೆ ಕೆಂಪು ಕಣಗಳು ಒಡೆದು ಜೀವಕ್ಕೇ ಕುತ್ತು. ಆರ್‌ಎಚ್ ಕೂಡ ಸೇರಿಸಿದರೆ, ಓ ನೆಗೆಟಿವ್ ಕೆಂಪು ಕಣಗಳನ್ನು ತುರ್ತಿನಲ್ಲಿ ಯಾರಿಗೂ ಕೊಡಬಹುದು. ಪ್ಲಾಸ್ಮಾದ ಲೆಕ್ಕ ಉಲ್ಟಾ, ಅಲ್ಲಿ ಎಲ್ಲರಿಗೂ ಸಲ್ಲೋದು ಎಬಿ. ಸ್ವಂತ ಅಣ್ಣನ ರಕ್ತ ತಮ್ಮನಿಗೆ ಹೊಂದದೇ ಇರಬಹುದು, ಆಚೆ ಕೇರಿಯ ಅಪರಿಚಿತನದ್ದು ಹೊಂದಬಹುದು.

ಸಮಸ್ಯೆ ಇದ್ದದ್ದು ಕೂಡಿಡೋದರಲ್ಲಿ. ರಕ್ತ ಬೇಗ ಕೆಡುತ್ತಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡ್ರೂ ರಕ್ತ ಶೇಖರಣೆಯ ಬಗ್ಗೆಯೇ ಪ್ರಬಂಧ ಬರೆದು 1940ರಲ್ಲಿ ಡಾಕ್ಟರೇಟ್ ಪಡೆದರು. ಅದೇ ವರ್ಷ ಬ್ರಿಟನ್ ಮೇಲೆ ಜರ್ಮನಿಯ ಬಾಂಬು ಬೀಳತೊಡಗಿದಾಗ, ಅಲ್ಲಿಗೆ ಪ್ಲಾಸ್ಮಾ ಕಳಿಸುವ ಯೋಜನೆಯ ಹೊಣೆ ಅವರಿಗೆ ಬಂತು. ನ್ಯೂಯಾರ್ಕ್‌ನ ಹಲವು ಆಸ್ಪತ್ರೆಗಳಲ್ಲಿ ಒಂದೇ ವಿಧಾನ, ಒಂದೇ ಪರೀಕ್ಷೆ ಜಾರಿಗೆ ತಂದರು. ಸುಮಾರು 14,500 ಜನ ರಕ್ತ ಕೊಟ್ಟರು, 5,000 ಲೀಟರ್‌ಗೂ ಹೆಚ್ಚು ಪ್ಲಾಸ್ಮಾ ಹಡಗು ಹತ್ತಿತು. 1941ರಲ್ಲಿ ಅಮೆರಿಕನ್ ರೆಡ್ ಕ್ರಾಸ್‌ನ ಪ್ರಾಯೋಗಿಕ ರಕ್ತನಿಧಿಯನ್ನೂ ಕಟ್ಟಿಕೊಟ್ಟರು. ರಕ್ತ ಸಂಗ್ರಹಿಸಲು ಊರೂರಿಗೆ ಹೋಗುವ ವಾಹನದ ಬಳಕೆಯೂ ಆಗಲೇ ಶುರುವಾಯ್ತು.

ಆ ವರ್ಷದ ಕೊನೆಗೆ ಸೇನೆಯ ಮಾತಿನಂತೆ ರೆಡ್ ಕ್ರಾಸ್ ಕಪ್ಪು ಜನರ ರಕ್ತವೇ ಬೇಡ ಅಂದಿತು. ವಿರೋಧ ಎದ್ದಾಗ, 1942ರ ಜನವರಿಯಲ್ಲಿ, ತಗೋತೀವಿ ಆದರೆ ಬೇರೆ ಇಡ್ತೀವಿ ಅಂತ ನಿಯಮ ಬದಲಿಸಿತು. ಅಂದ್ರೆ ರಕ್ತನಿಧಿ ಕಟ್ಟಿದವನ ರಕ್ತವೇ ಅಲ್ಲಿ ಪ್ರತ್ಯೇಕ. ಇದನ್ನು ಪ್ರತಿಭಟಿಸಿ ಡ್ರೂ ರಾಜೀನಾಮೆ ಕೊಟ್ಟರು ಅಂತ ಹಲವರು ಬರೀತಾರೆ. ಅದು ನಿಜವಲ್ಲ. 1941ರ ಏಪ್ರಿಲ್ ಹೊತ್ತಿಗೇ ಅವರು ಹೊವಾರ್ಡ್ ವಿಶ್ವವಿದ್ಯಾಲಯಕ್ಕೆ ಮರಳಿದ್ದರು. ಆದರೆ ಸುಮ್ಮನಿರಲಿಲ್ಲ. ಬಣ್ಣ ನೋಡಿ ರಕ್ತ ವಿಂಗಡಿಸೋದಕ್ಕೆ ವಿಜ್ಞಾನದಲ್ಲಿ ಆಧಾರವೇ ಇಲ್ಲ ಅಂತ ಬಹಿರಂಗವಾಗಿ ಹೇಳಿದರು. ಹೊವಾರ್ಡ್‌ನಲ್ಲಿ ಒಂದು ತಲೆಮಾರಿನ ಕಪ್ಪು ಸರ್ಜನ್‌ಗಳನ್ನು ತಯಾರು ಮಾಡಿದರು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಮಾತ್ರ ಅವರಿಗೆ ಕೊನೆಯವರೆಗೂ ಸದಸ್ಯತ್ವ ಕೊಡಲಿಲ್ಲ.

1950ರ ಏಪ್ರಿಲ್ 1ರಂದು ನಾರ್ತ್ ಕ್ಯಾರೊಲಿನಾದಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಡ್ರೂಗೆ 45 ವರ್ಷ. ಬಿಳಿಯರ ಆಸ್ಪತ್ರೆ ರಕ್ತ ಕೊಡಲು ನಿರಾಕರಿಸಿದ್ದಕ್ಕೇ ಸತ್ತರು ಅನ್ನೋ ಕಥೆ ಇಂದಿಗೂ ಓಡಾಡುತ್ತೆ. ಅದೂ ಸುಳ್ಳು, ಅಲ್ಲಿನ ಬಿಳಿ ವೈದ್ಯರು ಉಳಿಸಲು ಪ್ರಯತ್ನಿಸಿದ್ದರು. ಆದರೂ ಜನ ನಂಬಿದ್ದು ಯಾಕೆ? ಅಂಥ ನಿರಾಕರಣೆ ಬೇರೆ ಎಷ್ಟೋ ಜನರ ಪಾಲಿಗೆ ನಿಜವಾಗಿತ್ತು. ರೆಡ್ ಕ್ರಾಸ್ ರಕ್ತದ ವಿಂಗಡಣೆ ಬಿಟ್ಟದ್ದು ಡ್ರೂ ಸತ್ತ ವರ್ಷ. ಲೂಸಿಯಾನಾ ರಾಜ್ಯದ ಕಾನೂನಿನಲ್ಲಿ ಅದು 1972ರವರೆಗೂ ಉಳಿದಿತ್ತು.

ಇಲ್ಲಿ ಗೊತ್ತಿಲ್ಲದೆ ಆದ ತಪ್ಪು ಯಾವುದೂ ಇಲ್ಲ. ವಿಜ್ಞಾನ ಗೊತ್ತಿದ್ದೇ ನಿಯಮ ಮಾಡಿದ್ದರು. ನಮ್ಮಲ್ಲೂ ಅಷ್ಟೇ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ನಂತರ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಬಳಿಕ ಹೈಕೋರ್ಟ್‌ನಿಂದ ಹಲವರಿಗೆ ಜಾಮೀನೂ ಸಿಕ್ಕಿತು. ಬೆಂಕಿ ಹಚ್ಚುವವರಿಗೂ ರಕ್ತದ ಬಣ್ಣ ಒಂದೇ ಅಂತ ಗೊತ್ತಿರುತ್ತೆ.

ರಕ್ತದಾನ ಮಾಡಿ, ಬಿಡಬೇಡಿ. ಆದರೆ ಅಷ್ಟಕ್ಕೇ ಸಮಾಧಾನ ಪಡಬೇಡಿ. ಬಾಟಲಿಯಲ್ಲಿ ಒಪ್ಪಿಕೊಂಡ ಮನುಷ್ಯನನ್ನು ಊರಿನ ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ, ಗುಡಿಯಲ್ಲಿ ಒಪ್ಪಿಕೊಳ್ಳೋದು ಯಾವಾಗ ಅಂತಲೂ ಅದೇ ಗ್ರೂಪ್‌ನಲ್ಲಿ ಕೇಳಿ.